ಕಲೋನ್ ಕಾರ್ನಿವಲ್‌ಗೆ ಮೊದಲ ಸಲ ಹೊರಟಿದ್ದೀರಾ? ರೈಲು, ಬಟ್ಟೆ, ಮಿಠಾಯಿ ಎಲ್ಲಕ್ಕೂ ಹೀಗೆ ತಯಾರಾಗಿ

ಜರ್ಮನಿಗೆ ಬಂದ ಮೊದಲ ಚಳಿಗಾಲ ನನಗೆ ಚೆನ್ನಾಗಿ ನೆನಪಿದೆ. ಸಂಜೆ ಐದಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿಗಳೂ ಬಂದ್. ಮೆಟ್ಟಿಲಲ್ಲಿ ಎದುರುಮನೆಯ ಅಜ್ಜಿ ಸಿಕ್ಕರೆ ಒಂದು ಹಲೋ, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಕಸ ಹಾಕೋಕೆ ಬಾಗಿಲು ತೆಗೆದೆ. ಎಪ್ಪತ್ತು ದಾಟಿದ ಅದೇ ಅಜ್ಜಿ ಕೆಂಪು ಮೂಗು ಅಂಟಿಸಿಕೊಂಡು, ಕೆಂಪು ಬಿಳಿ ಪಟ್ಟೆಯ ಅಂಗಿ ಹಾಕಿಕೊಂಡು ನಿಂತಿದ್ದರು. "ಕೋಲ್ಲೆ ಅಲಾಫ್!" ಅಂತ ಜೋರಾಗಿ ಕೂಗಿದರು. ಕಲೋನ್‌ಗೆ ಜೈ ಅನ್ನುವ ಹಬ್ಬದ ಕೂಗು ಅದು. ಆಮೇಲೆ ಕಾಲು ಗಂಟೆ ಬಾಗಿಲಲ್ಲೇ ನಿಂತು ಮಾತಾಡಿದೆವು. ಆರು ತಿಂಗಳಲ್ಲಿ ಅಷ್ಟು ಮಾತು ಆಗಿರಲಿಲ್ಲ.

ಅದಕ್ಕೇ ಕಲೋನ್ ಕಡೆಗೆ ಹೊಸದಾಗಿ ಬರುವ ಕನ್ನಡದವರಿಗೆ ನಾನು ಒತ್ತಿ ಹೇಳುತ್ತೇನೆ. ವೇಷ, ಮೆರವಣಿಗೆಗಳ ಈ ಕಾರ್ನಿವಲ್ ಹಬ್ಬ ಬಂದಾಗ ಕಿಟಕಿಯಲ್ಲಿ ನಿಂತು ನೋಡಬೇಡಿ, ಬೀದಿಗೆ ಇಳಿಯಿರಿ. ಮುಚ್ಚಿದ ಬಾಗಿಲುಗಳು ತಾವಾಗಿ ತೆರೆದುಕೊಳ್ಳುವ ವಾರ ಅದು. ಆದರೆ ದಾರಿ ತಪ್ಪುವುದು, ಪರ್ಸ್ ಕಳೆಯುವುದು, ರೈಲು ಕೈಕೊಡುವುದು ಹೆಚ್ಚಾಗುವುದೂ ಅದೇ ವಾರವೇ. ಸ್ವಲ್ಪ ತಯಾರಿ ಬೇಕು.

ಮೊದಲು ಕ್ಯಾಲೆಂಡರ್ ನೋಡಿ

ಕಾರ್ನಿವಲ್ ಋತು ಶುರುವಾಗುವುದು ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ. ಅವತ್ತು ಒಂದು ದಿನ ಗದ್ದಲವೆದ್ದು ತಣ್ಣಗಾಗುತ್ತದೆ. ಬೀದಿ ಹಬ್ಬ ನಡೆಯುವುದು ಈಸ್ಟರ್‌ಗೆ ಸುಮಾರು ಏಳು ವಾರ ಮೊದಲು, ಗುರುವಾರದಿಂದ ಮಂಗಳವಾರದವರೆಗೆ. ಬುಧವಾರ ಬೂದಿ ಬುಧವಾರ, ಅಂದರೆ ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ದಿನ, ಅಲ್ಲಿಗೆ ಹಬ್ಬ ಮುಗಿಯಿತು.

ಈಸ್ಟರ್ ಲೆಕ್ಕ ಚಂದ್ರನನ್ನು ನೋಡಿ ಹಾಕುವುದರಿಂದ ಕಾರ್ನಿವಲ್ ತಾರೀಖು ವರ್ಷವರ್ಷ ಬದಲಾಗುತ್ತದೆ. ಪಂಚಾಂಗ ನೋಡುವ ಮನೆಯವರಿಗೆ ಇದು ಸುಲಭ. ದೊಡ್ಡ ಮೆರವಣಿಗೆಯ ಸೋಮವಾರ, ಅಂದರೆ ರೋಸನ್‌ಮೋಂಟಾಗ್, ಅಮಾವಾಸ್ಯೆಯ ಆಸುಪಾಸಿಗೇ ಬರುತ್ತದೆ. ಹಾಗಾಗಿ ಎಷ್ಟೋ ವರ್ಷ ನಮ್ಮ ಶಿವರಾತ್ರಿಯ ಪಕ್ಕದಲ್ಲೇ ಬಂದು ಕೂರುತ್ತದೆ. 2026ರಲ್ಲಿ ಫೆಬ್ರವರಿ 15ರ ಭಾನುವಾರ ಶಿವರಾತ್ರಿ, ಮರುದಿನವೇ ರೋಸನ್‌ಮೋಂಟಾಗ್. 2027ರಲ್ಲಿ ಮಾತ್ರ ಎರಡಕ್ಕೂ ಸುಮಾರು ಒಂದು ತಿಂಗಳ ಅಂತರ. ಆ ವರ್ಷ ಗುರುವಾರ ಫೆಬ್ರವರಿ 4ಕ್ಕೆ, ರೋಸನ್‌ಮೋಂಟಾಗ್ ಫೆಬ್ರವರಿ 8ಕ್ಕೆ. 2028ರ ರೋಸನ್‌ಮೋಂಟಾಗ್ ಫೆಬ್ರವರಿ 28ಕ್ಕೆ.

ತಾರೀಖು ಗೊತ್ತಾದ ಮೇಲೆ ಎರಡು ಕೆಲಸ ಮಾಡಿ. ವೀಸಾ ಕಚೇರಿ, ಮನೆ ನೋಂದಣಿ, ಬ್ಯಾಂಕ್ ಯಾವುದೇ ಅಪಾಯಿಂಟ್‌ಮೆಂಟ್ ಈ ಐದಾರು ದಿನಕ್ಕೆ ಇಟ್ಟುಕೊಳ್ಳಬೇಡಿ. ರೋಸನ್‌ಮೋಂಟಾಗ್ ಕಾನೂನು ಪ್ರಕಾರ ಸರಕಾರಿ ರಜೆ ಅಲ್ಲ, ಆದರೆ ಕಲೋನ್‌ನಲ್ಲಿ ಕಚೇರಿಗಳೂ ಶಾಲೆಗಳೂ ಮುಚ್ಚಿರುತ್ತವೆ. ಹಾಲು, ತರಕಾರಿ, ಮಕ್ಕಳ ಔಷಧಿ ಶನಿವಾರವೇ ತಂದಿಡಿ.

ರೈಲು: ಇಲ್ಲಿ ಜಾಸ್ತಿ ಗಮನ ಕೊಡಿ

ನಮ್ಮ ಮೊದಲ ಕಾರ್ನಿವಲ್‌ನ ಹಿಂದಿನ ದಿನ ನಾವು ಬರ್ಲಿನ್‌ನಲ್ಲಿ ಸ್ನೇಹಿತರ ಮನೆಯಲ್ಲಿದ್ದೆವು. ಬುಧವಾರ ಸಂಜೆಯ ವೇಗದ ರೈಲಿಗೆ ಟಿಕೆಟ್ ಇತ್ತು. ನಿಲ್ದಾಣಕ್ಕೆ ಬಂದಾಗ ಎರಡೇ ನಿಮಿಷ ಉಳಿದಿತ್ತು. ಒಂದು ಕೈಯಲ್ಲಿ ಸೂಟ್‌ಕೇಸ್, ಒಂದು ಕೈಯಲ್ಲಿ ನಾಲ್ಕು ವರ್ಷದ ಮಗಳು. ಅವಳಿಗೆ ಅವತ್ತಷ್ಟೇ ಕೊಂಡ ಜೇನುಹುಳದ ವೇಷ, ಬೆನ್ನಿಗೆ ರೆಕ್ಕೆ. ಬಿಚ್ಚೋದಿಲ್ಲ ಅಂತ ಹಟ. ಕಣ್ಣಿಗೆ ಕಂಡ ಬಾಗಿಲಿಗೆ ಹತ್ತಿಬಿಟ್ಟೆವು. ಒಳಗಿಂದ ನಡೆದು ನಮ್ಮ ಬೋಗಿಗೆ ಹೋದರಾಯಿತು ಅಂದುಕೊಂಡೆವು. ಊರ ಕಡೆ ರೈಲಿನಲ್ಲಿ ಹಾಗೇ ಅಲ್ವಾ ಮಾಡೋದು?

ಇಲ್ಲಿ ಅದು ನಡೆಯಲಿಲ್ಲ. ಅದು ಎರಡು ರೈಲುಗಳನ್ನು ಮೂತಿಗೆ ಮೂತಿ ಜೋಡಿಸಿದ ರೈಲು. ಒಂದರಿಂದ ಇನ್ನೊಂದಕ್ಕೆ ಒಳಗಿಂದ ದಾರಿಯೇ ಇಲ್ಲ. ಖಾಲಿ ಸೀಟಿತ್ತು, ಕೂತೆವು. ಮಗಳು ಮಲಗಿದಳು. ಹಾಮ್ ಅನ್ನುವ ನಿಲ್ದಾಣದಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು, ಜರ್ಮನ್‌ನಲ್ಲಿ ಏನೋ ಹೇಳಿದರು, ನಮಗೆ ಅರ್ಥವಾಗಲಿಲ್ಲ. ಹೊರಟ ಮೇಲೆ ಬೋಗಿಯ ಫಲಕದಲ್ಲಿ ಡಾರ್ಟ್‌ಮುಂಡ್ ಅಂತ ಬಂತು. ಹಾಗೆನ್ ಆಗಲಿ ವುಪ್ಪರ್‌ಟಾಲ್ ಆಗಲಿ ಎಲ್ಲೂ ಇಲ್ಲ. ಕಲೋನ್‌ಗೆ ಹೋಗುವ ಅರ್ಧ ಹಾಮ್‌ನಲ್ಲೇ ಬೇರೆಯಾಗಿ ಹೋಗಿತ್ತು. ನಾವಿದ್ದ ಅರ್ಧ ಎಸ್ಸೆನ್, ಡ್ಯುಸೆಲ್‌ಡಾರ್ಫ್ ಕಡೆಗೆ ಹೊರಟಿತ್ತು. ನನಗೆ ಎದೆ ಧಸಕ್ ಅಂತು. ಟಿಕೆಟ್ ನೋಡಲು ಬಂದ ಹೆಂಗಸು ನಿಧಾನವಾಗಿ ಬಿಡಿಸಿ ಹೇಳಿದರು. ಡಾರ್ಟ್‌ಮುಂಡ್‌ನಲ್ಲಿ ಇಳಿಯಿರಿ, ಅಲ್ಲಿಂದ ಆರ್‌ಇ 1 ಅನ್ನುವ ಪ್ರಾದೇಶಿಕ ರೈಲು ನೇರ ಕಲೋನ್‌ಗೆ ಹೋಗುತ್ತದೆ ಅಂದರು. ನಮ್ಮ ಹತ್ತಿರ ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು ಇದ್ದದ್ದು ಒಳ್ಳೆಯದಾಯಿತು, ಹೊಸ ಟಿಕೆಟ್ ಬೇಕಾಗಲಿಲ್ಲ. ಮನೆ ಸೇರಿದಾಗ ನಡುರಾತ್ರಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗಲೇ ಆ ಕೆಂಪು ಮೂಗಿನ ಅಜ್ಜಿ ಕಂಡದ್ದು.

ಆ ರಾತ್ರಿಯಿಂದ ನಾವು ತಪ್ಪದೆ ಮಾಡುವ ಕೆಲಸಗಳು ಇವು.

ಟಿಕೆಟ್‌ನಲ್ಲಿ ರೈಲಿನ ನಂಬರು ಮತ್ತು ಬೋಗಿಯ ನಂಬರು ಎರಡನ್ನೂ ನೋಡಿಕೊಳ್ಳಿ. ಜೋಡಿ ರೈಲಿನಲ್ಲಿ ಎರಡು ಅರ್ಧಕ್ಕೂ ಬೇರೆ ಬೇರೆ ರೈಲು ನಂಬರು ಇರುತ್ತದೆ. ಬೋಗಿಗಳಿಗೆ ಎಷ್ಟೋ ಸಲ ಒಂದು ಅರ್ಧದಲ್ಲಿ 21ರಿಂದ 28, ಇನ್ನೊಂದರಲ್ಲಿ 31ರಿಂದ 38 ಅಂತ ನಂಬರು ಹಾಕಿರುತ್ತಾರೆ. ಪ್ಲಾಟ್‌ಫಾರ್ಮಿನ ಮೇಲೆ ಎ, ಬಿ, ಸಿ ಅಂತ ಅಕ್ಷರದ ಫಲಕ ತೂಗುಹಾಕಿರುತ್ತಾರೆ. ನಿಮ್ಮ ಬೋಗಿ ಯಾವ ಅಕ್ಷರದ ಕೆಳಗೆ ಬರುತ್ತದೆ ಅಂತ ರೈಲಿನ ಆ್ಯಪ್‌ನಲ್ಲೂ ನಿಲ್ದಾಣದ ಪರದೆಯಲ್ಲೂ ತೋರಿಸುತ್ತದೆ. ಹದಿನೈದು ನಿಮಿಷ ಮೊದಲೇ ಹೋಗಿ ಆ ಅಕ್ಷರದ ಕೆಳಗೆ ನಿಲ್ಲಿ. ತಪ್ಪು ಅರ್ಧಕ್ಕೆ ಹತ್ತಿದ್ದೀರಿ ಅಂತ ಗೊತ್ತಾದರೆ ಒಳಗೆ ಹುಡುಕಾಡಬೇಡಿ. ನಡುವೆ ಯಾವುದಾದರೂ ದೊಡ್ಡ ನಿಲ್ದಾಣ ಬಂದಾಗ ಇಳಿದು, ಪ್ಲಾಟ್‌ಫಾರ್ಮ್ ಮೇಲೇ ನಡೆದು ಇನ್ನೊಂದು ಅರ್ಧಕ್ಕೆ ಹತ್ತಿ. ಮಕ್ಕಳಿದ್ದರೆ ಎಲ್ಲರೂ ಒಟ್ಟಿಗೇ ಇಳಿಯಿರಿ, ಒಬ್ಬರು ಹೋಗಿ ನೋಡಿಬರೋದು ಬೇಡ.

ಕೆಲವು ಜರ್ಮನ್ ಪದಗಳಿಗೆ ಕಿವಿ ಪಳಗಲಿ. ಗ್ಲೈಸ್ ಅಂದರೆ ಪ್ಲಾಟ್‌ಫಾರ್ಮ್. ಫೆರ್‌ಶ್ಪೇಟುಂಗ್ ಅಂದರೆ ತಡ. ಫೆಲ್ಟ್ ಔಸ್ ಅಂದರೆ ರೈಲು ರದ್ದು. ಗೆಟೈಲ್ಟ್ ಅಂದರೆ ರೈಲನ್ನು ಎರಡಾಗಿ ಮಾಡುತ್ತಾರೆ. ನನಗೆ ಆ ರಾತ್ರಿ ಈ ಒಂದು ಪದ ಗೊತ್ತಿದ್ದರೆ ಸಾಕಿತ್ತು.

ಡಾಯ್ಚ್‌ಲ್ಯಾಂಡ್ ಟಿಕೆಟ್ ಬಗ್ಗೆ ಹೊಸಬರಿಗೆ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ಇದು ತಿಂಗಳ ಚಂದಾ, 2026ರ ಜನವರಿಯಿಂದ 63 ಯೂರೊ. ಇಡೀ ದೇಶದ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲಿಗೆ ನಡೆಯುತ್ತದೆ. ಐಸಿಇ, ಐಸಿ, ಇಸಿ ಅನ್ನುವ ದೂರದ ರೈಲಿಗೆ ನಡೆಯುವುದಿಲ್ಲ. ಚಂದಾ ತಾನಾಗಿ ಮುಂದುವರಿಯುತ್ತದೆ. ಬೇಡ ಅಂದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೊ. ಗೊತ್ತಿರಲಿಲ್ಲ ಅಂದರೆ ಬಿಡೋದಿಲ್ಲ.

ತಡವಾದರೆ ನಿಮಗೆ ಹಕ್ಕಿದೆ, ಅದನ್ನು ಕೇಳಿ ಪಡೆಯಿರಿ. ನಿಮ್ಮ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗಿ ತಲುಪುವ ಲಕ್ಷಣ ಕಂಡರೆ, ಒಂದೇ ರೈಲಿಗೆ ಕಟ್ಟಿಹಾಕಿದ ಅಗ್ಗದ ಟಿಕೆಟ್ ಇದ್ದರೂ ಬೇರೆ ರೈಲಿನಲ್ಲಿ ಹೋಗಬಹುದು. 60 ನಿಮಿಷ ತಡವಾದರೆ ಟಿಕೆಟ್ ಹಣದ ಶೇ. 25, 120 ನಿಮಿಷಕ್ಕೆ ಶೇ. 50 ವಾಪಸ್. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ದೊಡ್ಡ ಬಿರುಗಾಳಿಯಂಥ ಕಾರಣವಿದ್ದರೆ ಈ ಪರಿಹಾರ ಸಿಗದಿರಬಹುದು. ನಮ್ಮ ಹಾಗೆ ತಪ್ಪು ಅರ್ಧಕ್ಕೆ ಹತ್ತಿದವರಿಗಂತೂ ಇಲ್ಲ. ಅದಕ್ಕೇ ರೈಲು ನಿಜವಾಗಿ ತಡವಾದಾಗ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ವಾದ ಬೇಡ.

ನಗರದೊಳಗೆ ಮೆರವಣಿಗೆಯ ದಿನ ಟ್ರಾಮ್‌ಗಳು ದಾರಿ ಬದಲಿಸುತ್ತವೆ, ಕೆಲವು ನಿಲ್ದಾಣಗಳಲ್ಲಿ ನಿಲ್ಲುವುದೇ ಇಲ್ಲ. ಕಾರು ತರಲೇಬೇಡಿ. ಎರಡು ಮೂರು ನಿಲ್ದಾಣ ಮೊದಲೇ ಇಳಿದು ನಡೆಯಿರಿ, ಅದೇ ಬೇಗ.

ಏನು ಉಡಬೇಕು

ವೇಷ ಹಾಕಲೇಬೇಕಾ? ಹಾಕಿ. ಮಾಮೂಲಿ ಜಾಕೆಟ್‌ನಲ್ಲಿ ನಿಂತರೆ ಆ ಗುಂಪಿನಲ್ಲಿ ನೀವೇ ಎದ್ದು ಕಾಣುತ್ತೀರಿ. ದುಬಾರಿಯದು ಬೇಕಿಲ್ಲ. ಒಂದು ಬಣ್ಣದ ಟೋಪಿ, ಕೆನ್ನೆಗೆ ಎರಡು ಚುಕ್ಕೆ, ಅಷ್ಟು ಸಾಕು. ಬೇರೆ ಜನಾಂಗದವರನ್ನು ಆಡಿಕೊಳ್ಳುವಂಥ ವೇಷ, ಮುಖಕ್ಕೆ ಕಪ್ಪು ಬಳಿಯುವುದು ಬೇಡ. ನಾವೂ ಇಲ್ಲಿ ಹೊರಗಿನವರೇ. ಅದು ಎಲ್ಲಿ ಚುಚ್ಚುತ್ತದೆ ಅಂತ ನಮಗೆ ಗೊತ್ತಿರಬೇಕು.

ವೇಷವನ್ನು ಒಂದು ಅಳತೆ ದೊಡ್ಡದೇ ತನ್ನಿ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ವೇಷ. ಫೆಬ್ರವರಿಯಲ್ಲಿ ನಾಲ್ಕು ಗಂಟೆ ಒಂದೇ ಕಡೆ ನಿಂತರೆ ಚಳಿ ಹತ್ತುವುದು ಪಾದದಿಂದ. ಎರಡು ಜೊತೆ ಕಾಲುಚೀಲ, ದಪ್ಪ ಅಟ್ಟೆಯ ಶೂ ಇರಲಿ. ನೆಲದಲ್ಲಿ ಗಾಜಿನ ಚೂರು ಇರುತ್ತದೆ, ತೆಳ್ಳಗಿನ ಚಪ್ಪಲಿ ಅಪಾಯ. ವಾದ್ಯದ ಸದ್ದು ಜೋರು, ಹಸುಗೂಸಿದ್ದರೆ ಕಿವಿಗೆ ಮುಚ್ಚುವ ಹೆಡ್‌ಫೋನ್ ತನ್ನಿ.

ಗುರುವಾರ ಹೆಂಗಸರ ದಿನ

ಗುರುವಾರದ ಹೆಸರು ವೈಬರ್‌ಫಾಸ್ಟ್‌ನಾಖ್ಟ್. ಬೆಳಿಗ್ಗೆ 11 ಗಂಟೆ 11ಕ್ಕೆ ಊರಿನ ಆಡಳಿತ ಹೆಂಗಸರ ಕೈಗೆ ಬಂತು ಅಂತ ಲೆಕ್ಕ. ಗಂಡಸರ ಟೈ ಕಂಡರೆ ಕತ್ತರಿ ಹಾಕುತ್ತಾರೆ. ನಮ್ಮನೆಯವರು ಹಳೆಯ ಟೈ ಒಂದನ್ನು ಇದಕ್ಕೆಂದೇ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಾರೆ. ಒಳ್ಳೆಯ ಟೈ ಮನೆಯಲ್ಲಿರಲಿ. ಟೈ ಕತ್ತರಿಸಿದವರು ಬ್ಯೂಟ್ಸ್ಯ, ಅಂದರೆ ಕೆನ್ನೆಗೊಂದು ಮುತ್ತು ಕೊಡುವ ರೂಢಿ ಇದೆ. ಬೇಡ ಅನ್ನಿಸಿದರೆ ನಗುತ್ತಾ ತಲೆ ಆಡಿಸಿ ಹಿಂದೆ ಸರಿಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಹೇಳಿದ ಮೇಲೂ ಯಾರಾದರೂ ಮೈಮೇಲೆ ಬಂದರೆ ಅದು ಹಬ್ಬವಲ್ಲ, ತಕ್ಷಣ ಪೊಲೀಸರನ್ನು ಕರೆಯಿರಿ, ನಂಬರು 110. ಹುಡುಗಿಯರು ಒಬ್ಬೊಬ್ಬರೇ ಹೋಗದೆ ಗುಂಪಿನಲ್ಲಿ ಹೋಗಿ, ವಾಪಸ್ ಯಾರ ಜೊತೆ ಅಂತ ಮೊದಲೇ ಮಾತಾಡಿಕೊಳ್ಳಿ.

ಝುಲ್ಪಿಖರ್ ಬೀದಿಯ ಕಡೆ ಕಾಲೇಜು ಹುಡುಗರ ನೂಕುನುಗ್ಗಲು ವಿಪರೀತ. ಮಕ್ಕಳಿದ್ದರೆ ಆ ಕಡೆ ಬೇಡ. ಅಲ್ಲೂ ಹಳೆಯ ಪೇಟೆಯಲ್ಲೂ ಗಾಜಿನ ಬಾಟಲಿ ತರುವ ಹಾಗಿಲ್ಲ, ನೀರನ್ನೂ ಪ್ಲಾಸ್ಟಿಕ್ ಅಥವಾ ಸ್ಟೀಲ್ ಬಾಟಲಿಯಲ್ಲೇ ಒಯ್ಯಿರಿ. ಕೂಗುವಾಗ "ಅಲಾಫ್" ಅನ್ನಿ. "ಹೆಲಾವ್" ಅನ್ನುವುದು ಡ್ಯುಸೆಲ್‌ಡಾರ್ಫ್‌ನವರ ಕೂಗು. ಎರಡೂ ಊರಿನ ನಡುವೆ ಹಳೆಯ ಪೈಪೋಟಿ, ಕಲೋನ್‌ನವರಿಗೆ ಇದು ಬಹಳ ಮುಖ್ಯ.

ಸಸ್ಯಾಹಾರಿಗಳು ಇದನ್ನು ಓದಿಕೊಳ್ಳಿ

ಇಲ್ಲಿನ ತಿಂಡಿಯ ಹೆಸರು ನಂಬಬೇಡಿ. ಹಾಲ್ವರ್ ಹಾನ್ ಅಂದರೆ ಅಕ್ಷರಶಃ ಅರ್ಧ ಹುಂಜ. ಆದರೆ ತಟ್ಟೆಗೆ ಬರುವುದು ರೈ ಅನ್ನುವ ಧಾನ್ಯದ ಹಿಟ್ಟಿನ ಬನ್ನು, ದಪ್ಪ ತುಂಡು ಗೌಡಾ ಚೀಸ್, ಸಾಸಿವೆ, ಈರುಳ್ಳಿ. ಮಾಂಸವೇ ಇಲ್ಲ. ಹಿಮ್ಮೆಲ್ ಉನ್ ಎಡ್ ಅಂದರೆ ಆಕಾಶ ಮತ್ತು ಭೂಮಿ. ಹೆಸರು ಕೇಳಿದರೆ ಸಾತ್ವಿಕ, ಆಲೂಗಡ್ಡೆ ಸೇಬಿನ ಜೊತೆ ಬರುವುದು ಮಾತ್ರ ರಕ್ತದ ಸಾಸೇಜ್. ರೀವ್‌ಕೋಖೆ ಅನ್ನುವುದು ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ರೊಟ್ಟಿ, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಚಳಿಯಲ್ಲಿ ಬಿಸಿಬಿಸಿ ತಿನ್ನಲು ಅದರಷ್ಟು ರುಚಿ ಬೇರೆ ಇಲ್ಲ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಮೊಟ್ಟೆ ತಿನ್ನದವರು ಬಿಡಿ.

ಕುಡಿಯುವವರಿಗೆ: ಕೋಲ್ಷ್ ಬಿಯರು 0.2 ಲೀಟರಿನ ಸಣ್ಣ ಗ್ಲಾಸಿನಲ್ಲಿ ಬರುತ್ತದೆ. ಗ್ಲಾಸು ಖಾಲಿಯಾದ ಹಾಗೆ ಕೇಳದೆಯೇ ಇನ್ನೊಂದು ಇಡುತ್ತಾರೆ, ರಟ್ಟಿನ ಬಿಲ್ಲೆಯ ಮೇಲೆ ಒಂದೊಂದು ಗೀಟು ಹಾಕುತ್ತಾರೆ. ಸಾಕು ಅನ್ನಿಸಿದಾಗ ಆ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಿಡಿ. ಕುಡಿಯದವರು ಆಪ್ಫೆಲ್‌ಶೋರ್ಲೆ ಕೇಳಿ, ಸೋಡಾ ಬೆರೆಸಿದ ಸೇಬಿನ ರಸ.

ಮೆರವಣಿಗೆ ನೋಡುವ ಬಗೆ

ಮಕ್ಕಳಿದ್ದವರಿಗೆ ನನ್ನ ಸಲಹೆ ಸೋಮವಾರವಲ್ಲ, ಭಾನುವಾರ. ಅವತ್ತು ಶಾಲೆಗಳೂ ಬಡಾವಣೆಗಳೂ ಸೇರಿ ನಡೆಸುವ ಮೆರವಣಿಗೆ ಇರುತ್ತದೆ. ಮಕ್ಕಳೇ ಕೈಯಾರೆ ಮಾಡಿದ ವೇಷ, ಜನವೂ ಸ್ವಲ್ಪ ಕಡಿಮೆ. ಮಂಗಳವಾರ ನಿಪ್ಪೆಸ್, ಎರೆನ್‌ಫೆಲ್ಡ್‌ನಂಥ ಬಡಾವಣೆಗಳಲ್ಲಿ ಸಣ್ಣ ಮೆರವಣಿಗೆ ಇದೆ. ಅಲ್ಲಿ ಬೀದಿಯ ಜನರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು.

ಆದರೂ ಸೋಮವಾರದ್ದನ್ನು ಒಂದು ಸಲವಾದರೂ ನೋಡಬೇಕು. 1823ರಲ್ಲಿ ಶುರುವಾದ ಮೆರವಣಿಗೆ ಅದು. ರಾಜಕುಮಾರ, ರೈತ, ಕನ್ಯೆ ಅನ್ನುವ ಮೂವರು ಅದರ ಮುಖ್ಯ ಪಾತ್ರ, ಕನ್ಯೆಯ ಪಾತ್ರವನ್ನೂ ರೂಢಿಯಂತೆ ಗಂಡಸೇ ಮಾಡುವುದು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಇತ್ತೀಚಿನ ವರ್ಷಗಳಲ್ಲಿ ಬೆಳಿಗ್ಗೆ 10ಕ್ಕೆ ಊರಿನ ದಕ್ಷಿಣದಿಂದ ಹೊರಡುತ್ತಿದೆ. ಒಂದು ಜಾಗ ದಾಟಿ ಮುಗಿಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಹೊರಡುವ ಜಾಗದಲ್ಲಿ ನೂಕಾಡದೆ, ದಾರಿಯ ಕೊನೆಯ ಭಾಗದ ಯಾವುದಾದರೂ ಬೀದಿ ಹಿಡಿಯಿರಿ. ಹತ್ತಿರ ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಡಿ. ಗೋಡೆ ಮರೆಗೆ ಹೋದರೆ ದಂಡ ಬೀಳುತ್ತದೆ.

ಗಾಡಿಗಳ ಮೇಲಿಂದ ಮಿಠಾಯಿ ಎರಚುತ್ತಾರೆ. ಅದಕ್ಕೆ ಕಮೆಲ್ಲೆ ಅನ್ನುತ್ತಾರೆ, ಜನ ಕೂಗುವುದೂ ಅದನ್ನೇ. ನಮ್ಮ ಎದುರುಮನೆ ಅಜ್ಜಿ ತಂದಿದ್ದು ಒಂದು ಹಳೆಯ ಕೊಡೆ. ಬಿಚ್ಚಿ ತಲೆಕೆಳಗಾಗಿ ಹಿಡಿದರು. ಟಪಟಪ ಅಂತ ಚಾಕೊಲೇಟು ಅದರೊಳಗೆ ಬಿದ್ದವು. ಮಗಳು ಕೊಡೆಯೊಳಗೆ ಇಣುಕಿ ನೋಡಿ ಕುಣಿದಳು, ಜೇನುಹುಳದ ರೆಕ್ಕೆ ಒಂದು ಕಿತ್ತುಹೋಯಿತು. ಅಜ್ಜಿ ಕೋಟಿನಿಂದ ಪಿನ್ನು ತೆಗೆದು ಚುಚ್ಚಿ ಕೂಡಿಸಿದರು. ಮಕ್ಕಳು ನೆಲದ ಮಿಠಾಯಿ ಹೆಕ್ಕಲು ಗಾಡಿಯ ಚಕ್ರದ ಕಡೆಗೋ ಕುದುರೆ ಕಾಲಿನ ಕಡೆಗೋ ನುಗ್ಗುತ್ತಾರೆ. ಕೈ ಬಿಡಲೇಬೇಡಿ. ಮಗುವಿನ ತೋಳಿನ ಮೇಲೆ ನಿಮ್ಮ ಫೋನ್ ನಂಬರು ಪೆನ್ನಿನಲ್ಲಿ ಬರೆದುಬಿಡಿ.

ಏನಾದರೂ ಕಳೆದರೆ

ಜೇಬಿನಲ್ಲಿ ಸ್ವಲ್ಪ ನಗದು, ಒಂದು ಬ್ಯಾಂಕ್ ಕಾರ್ಡು, ವಾಸದ ಪರವಾನಗಿ ಕಾರ್ಡು ಇರಲಿ. ಪಾಸ್‌ಪೋರ್ಟ್ ಮನೆಯಲ್ಲಿಡಿ, ಅದರ ಫೋಟೋ ಫೋನಿನಲ್ಲಿರಲಿ. ಆದರೆ ಮಾಸ್ಟ್ರಿಖ್ಟ್‌ನಲ್ಲೂ ಕಾರ್ನಿವಲ್ ಜೋರು ಅಂತ ನೆದರ್‌ಲ್ಯಾಂಡ್ಸ್ ಕಡೆ ಹೊರಟರೆ ಪಾಸ್‌ಪೋರ್ಟು, ಪರವಾನಗಿ ಎರಡೂ ಜೊತೆಗಿರಬೇಕು.

ಬ್ಯಾಂಕ್ ಕಾರ್ಡ್ ಕಳೆದರೆ ಮೊದಲು 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಆಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಬರಹದ ಪ್ರತಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಕಳೆದಿದ್ದರೆ ಆ ಪ್ರತಿ ಬೇಕೇ ಬೇಕು. ಕಲೋನ್ ಇರುವ ರಾಜ್ಯ ಫ್ರಾಂಕ್‌ಫರ್ಟ್‌ನ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಆಂಬುಲೆನ್ಸ್‌ಗೆ 112. ಅಷ್ಟು ತುರ್ತಿಲ್ಲದ ಜ್ವರ, ಉಳುಕಿಗೆ ರಜೆ ದಿನ ವೈದ್ಯರು ಬೇಕಾದರೆ 116 117.

ಮಂಗಳವಾರ ರಾತ್ರಿ, ಬುಧವಾರ ಬೆಳಿಗ್ಗೆ

ಇಷ್ಟು ದಿನ ಪಬ್ಬುಗಳ ಬಾಗಿಲ ಮೇಲೆ ಒಂದು ಹುಲ್ಲಿನ ಬೊಂಬೆ ತೂಗಾಡುತ್ತಿರುತ್ತದೆ. ಅದರ ಹೆಸರು ನುಬ್ಬೆಲ್. ಮಂಗಳವಾರ ನಡುರಾತ್ರಿಯ ಹೊತ್ತಿಗೆ ಅದನ್ನು ಇಳಿಸಿ ಬೀದಿಗೆ ತರುತ್ತಾರೆ. ಒಬ್ಬರು ಒಂದೊಂದೇ ತಪ್ಪು ಓದುತ್ತಾರೆ. ದುಡ್ಡು ಖಾಲಿ ಮಾಡಿದ್ದು ಯಾರು, ಜಾಸ್ತಿ ಕುಡಿದದ್ದು ಯಾರು? "ನುಬ್ಬೆಲ್!" ಅಂತ ಜನ ಕೂಗುತ್ತಾರೆ. ಆಮೇಲೆ ಬೆಂಕಿ. ನಾನು ಧಾರವಾಡದವಳು, ಓಣಿಯಲ್ಲಿ ಕಾಮಣ್ಣನನ್ನು ಸುಡುವುದನ್ನು ನೋಡಿ ಬೆಳೆದವಳು. ಹುಲ್ಲು ಉರಿಯುವ ವಾಸನೆ ಮೂಗಿಗೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ದೊಡ್ಡ ಮೆರವಣಿಗೆ ತಪ್ಪಿದರೂ ಪರವಾಗಿಲ್ಲ, ನಿಮ್ಮ ಬಡಾವಣೆಯ ನುಬ್ಬೆಲ್ ಸುಡುವುದನ್ನು ತಪ್ಪಿಸಬೇಡಿ. ಸ್ವಲ್ಪ ದೂರ ನಿಲ್ಲಿ, ವೇಷದ ನೈಲಾನ್ ಬಟ್ಟೆಗೆ ಕಿಡಿ ತಾಗಬಾರದು.

ಬುಧವಾರಕ್ಕೆ ಒಂದು ಕೆಲಸ ಉಳಿದಿರುತ್ತದೆ: ಮಿಠಾಯಿ ವಿಂಗಡಿಸುವುದು. ಮೆತ್ತಗಿನ ಗಮ್ಮಿ ಮಿಠಾಯಿಗಳಲ್ಲಿ ಎಷ್ಟೋ ಸಲ ಗೆಲಟೀನ್ ಇರುತ್ತದೆ, ಬಹುತೇಕ ಹಂದಿಯದು. ಪೊಟ್ಟಣದ ಹಿಂದೆ ಗೆಲಟೀನೆ ಅಂತ ಬರೆದಿದೆಯಾ ನೋಡಿ. ಓನೆ ಗೆಲಟೀನೆ ಅಂತ ಇದ್ದರೆ ಇಲ್ಲ ಅಂತ ಅರ್ಥ. ನಾವು ಅಡುಗೆಮನೆಯ ನೆಲದಲ್ಲಿ ಎಲ್ಲವನ್ನೂ ಸುರಿದು ಎರಡು ರಾಶಿ ಮಾಡಿದೆವು. ನಮಗೆ ಆಗದ ರಾಶಿಯನ್ನು ಮಗಳು ಟೋಪಿಯಲ್ಲಿ ತುಂಬಿಕೊಂಡು ಎದುರು ಬಾಗಿಲು ತಟ್ಟಿದಳು. ಅಜ್ಜಿ ಟೋಪಿ ಖಾಲಿ ಮಾಡಿಕೊಂಡು, ತಮ್ಮ ಪಾಲಿನ ಚಾಕೊಲೇಟು ತುಂಬಿ ವಾಪಸ್ ಕೊಟ್ಟರು. ಆವತ್ತಿನಿಂದ ಮಗಳು ಅವರನ್ನು ಓಮಾ ಅನ್ನುತ್ತಾಳೆ.